ಎಲ್ಲವೂ ಒಂದೇ ಫೋಲ್ಡರಿನಲ್ಲಿ

ಮಾರ್ಚ್ ೪

ಅಮ್ಮಾ,

ನಿನ್ನ ಹೊಸ ವಿಳಾಸ ವಕೀಲರ ಆಫೀಸಿನಿಂದ ಸಿಕ್ಕಿತು. ಫೋನ್ ನಂಬರ್ ಬದಲಾಯಿಸಿದ್ದೀಯಂತೆ. ಬದಲಾಯಿಸದೆ ಇದ್ದರೂ ನನ್ನ ಕಿವಿಗೂ ಫೋನಿಗೂ ಆಗಿಬರುವುದಿಲ್ಲ, ಸೊಸೆಯಾಗಿ ಇಷ್ಟು ವರ್ಷ ಇದ್ದವಳು, ನಿನಗೇ ಗೊತ್ತು. ಅದಕ್ಕೆ ಈ ಕಾಗದ.

ಸ್ಟುಡಿಯೋದ ಕಂಪ್ಯೂಟರಿನಲ್ಲಿದ್ದ ಚಿತ್ರಗಳನ್ನು ಯಾವ ಕ್ರಮದಲ್ಲಿ ಇಡಲಾಗಿತ್ತು ಎಂಬುದನ್ನು ಈ ಪತ್ರ ತಲುಪಿದ ಕೂಡಲೇ ತಿಳಿಸತಕ್ಕದ್ದು. ಸದರಿ ಚಿತ್ರಗಳು ಸ್ಟುಡಿಯೋದ ಸ್ವತ್ತಾಗಿದ್ದು, ಅವುಗಳ ಜೋಡಣೆಯನ್ನು ಕೆಡಿಸಿದ್ದರಿಂದ ಆಗುವ ಎಲ್ಲ ತೊಂದರೆಗೂ ನೀನೇ ಹೊಣೆಯಾಗಿರುತ್ತೀಯ.

ಕಂಪ್ಯೂಟರ್ ಹಾಕಿದರೆ ಹಳದಿ ಬಣ್ಣದ ಒಂದೇ ಒಂದು ಫೋಲ್ಡರ್ ಕಾಣಿಸುತ್ತದೆ. ಅದರ ಹೆಸರು ‘ಎಲ್ಲಾ’. ತೆರೆದರೆ ಒಳಗೆ ನಿಜವಾಗಿಯೂ ಎಲ್ಲಾ ಇದೆ. ಮದುವೆಯ ಗಂಡು ಹೆಣ್ಣು, ಶಾಲೆಯ ಮಕ್ಕಳು, ಪಾಸ್‌ಪೋರ್ಟಿನ ಮುಖಗಳು, ಯಾರದೋ ನಾಯಿ, ಎಲ್ಲರೂ ಬಾಗಿಲು ತೆರೆಯುವ ಮುಂಚಿನ ರೈಲಿನಲ್ಲಿ ನಿಂತ ಹಾಗೆ ಒತ್ತಿಕೊಂಡು ನಿಂತಿದ್ದಾರೆ. ಒಂದಕ್ಕೂ ಹೆಸರಿಲ್ಲ, ಬರೀ ನಂಬರು. ನಾನು ಈಗ ಮೌಸ್ ಹಿಡಿಯಲು ಕಲಿಯುತ್ತಿದ್ದೇನೆ. ಬಾಣದ ಗುರುತು ನಾನು ಹೇಳಿದ ಕಡೆ ಹೋಗುವುದಿಲ್ಲ. ಕೂತು ಹುಡುಕಲು ಮಗನಿಗೆ ಪುರುಸೊತ್ತಿಲ್ಲವಂತೆ.

ಮೈ ಚೆನ್ನಾಗಿ ನೋಡಿಕೋ.

ನಿನ್ನ ಮಾವ


ಮಾರ್ಚ್ ೧೫

ಮಾವ,

ಹೀಗೆ ಕರೆಯಬಹುದೋ ಇಲ್ಲವೋ ವಕೀಲರನ್ನು ಕೇಳಿಲ್ಲ. ಕೋರ್ಟು ಗಂಡನಿಂದ ಬಿಡುಗಡೆ ಕೊಡುತ್ತದೆ, ಮಾವನಿಂದಲೂ ಕೊಡುತ್ತದೆಯೇ ಗೊತ್ತಿಲ್ಲ.

ನಿಮ್ಮ ಕಾಗದದ ಎರಡನೆಯ ಪ್ಯಾರಾ ನಿಮ್ಮದಲ್ಲ. ‘ಸದರಿ’ ಎನ್ನುವ ಮಾತನ್ನು ನಿಮ್ಮ ಬಾಯಿಂದ ನಾನು ಒಂದು ದಿನವೂ ಕೇಳಿಲ್ಲ. ನಿಮ್ಮ ಮಗ ಕುರ್ಚಿಯ ಹಿಂದೆ ನಿಂತು ಹೇಳಿ ಬರೆಸಿದ್ದಾನೆ. ಅವನು ಎದ್ದು ಹೋದ ಮೇಲೆ ಮಿಕ್ಕದ್ದನ್ನು ನೀವು ಬರೆದಿದ್ದೀರಿ. ‘ಬರೆಸಿದ್ದಾನೆ’ ಅಂದೆ, ಗಮನಿಸಿದಿರಾ? ಇಷ್ಟು ವರ್ಷ ಅವನಿಗೆ ಬಹುವಚನ ಕೊಟ್ಟು ಕೊಟ್ಟು ಸಾಕಾಯಿತು. ಮನೆ ಬಿಡುವಾಗ ಅದನ್ನೂ ಹಿಂದಕ್ಕೆ ತೆಗೆದುಕೊಂಡೆ.

ಜೋಡಣೆ ಹೇಗಿತ್ತು ಎಂದು ಕೇಳಿದ್ದೀರಿ. ವರ್ಷಕ್ಕೊಂದು ಫೋಲ್ಡರ್, ಅದರೊಳಗೆ ತಿಂಗಳು, ತಿಂಗಳೊಳಗೆ ಮನೆತನ. ಮದುವೆ ಬೇರೆ, ಮಕ್ಕಳು ಬೇರೆ, ಗುರುತಿನ ಚೀಟಿಯ ಮುಖಗಳು ಬೇರೆ. ಬೇಕರಿಯ ಯಜಮಾನಿ ಬಂದು ‘ನನ್ನ ಮಗ ಹಲ್ಲು ಬೀಳೋ ಮುಂಚೆ ತೆಗೆಸಿದ್ದು ಇತ್ತಲ್ಲಾ’ ಎಂದರೆ ಅವಳು ಚೀಲ ಕೆಳಗಿಡುವಷ್ಟರಲ್ಲಿ ತೆಗೆದುಕೊಡುತ್ತಿದ್ದೆ. ನೀವು ನೋಡಿದ್ದೀರಿ.

ಹೊರಡುವ ಮುಂಚೆ ನಾನು ಮಾಡಿದ್ದು ಇಷ್ಟೇ. ಎಲ್ಲ ಫೋಲ್ಡರುಗಳನ್ನೂ ಬರಿದು ಮಾಡಿ ಒಂದರೊಳಗೆ ಸುರಿದೆ. ಹೆಸರು ಬದಲಿಸುವ ಒಂದು ಸಾಫ್ಟ್‌ವೇರ್ ಇದೆ, ಅದನ್ನು ಓಡಿಸಿ ಹೆಸರು ತೆಗೆದು ನಂಬರು ಹಾಕಿದೆ. ಒಂದು ಚಿತ್ರವನ್ನೂ ಅಳಿಸಲಿಲ್ಲ, ಒಂದಕ್ಕೂ ಗೀರು ಬಿದ್ದಿಲ್ಲ. ಅಳಿಸಿದ್ದರೆ ಅವನಿಗೆ ಅನುಕೂಲವಾಗುತ್ತಿತ್ತು. ಊರೆಲ್ಲ ಅತ್ತುಕೊಂಡು ಬಂದು ಹೊಸದಾಗಿ ಶುರು ಮಾಡುತ್ತಿದ್ದ. ಎಲ್ಲವೂ ಇರಬೇಕು, ಯಾವುದೂ ಸಿಗಬಾರದು. ನನಗೆ ಬೇಕಾಗಿದ್ದು ಅದು.

ಬಹುಮಾನದ ಊಟದ ದಿನ ನೀವೂ ಅದೇ ಮೇಜಿನಲ್ಲಿ ಕೂತಿದ್ದಿರಿ. ಬಸ್ ನಿಲ್ದಾಣದಲ್ಲಿ ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದ ಮುದುಕನ ಚಿತ್ರ ತೆಗೆದವಳು ನಾನು. ಬಹುಮಾನ ತೆಗೆದುಕೊಂಡವನು ಅವನು. ಮೈಕಿನ ಮುಂದೆ ನಿಂತು ‘ಫೈಲುಗಳನ್ನ ಜೋಡಿಸಿಡೋ ನನ್ನ ಹೆಂಡತಿಗೂ ಥ್ಯಾಂಕ್ಸ್’ ಅಂದ. ಮನೆಗೆ ಬಂದು ನಾನು ಬೋರ್ಡಿನ ಮೇಲೆ ನನ್ನ ಹೆಸರೂ ಬರಲಿ ಎಂದದ್ದಕ್ಕೆ ನಕ್ಕ. ‘ಫೈಲ್ ಜೋಡಿಸೋರ ಹೆಸರನ್ನ ಯಾರಾದ್ರೂ ಬೋರ್ಡಿಗೆ ಹಾಕ್ತಾರೇನೆ?’

ಹಾಕುವುದಿಲ್ಲ, ಸರಿ. ಚಿತ್ರ ಸ್ಟುಡಿಯೋದ್ದು, ಜೋಡಣೆ ನನ್ನದು. ನನ್ನದನ್ನು ಮಾತ್ರ ತೆಗೆದುಕೊಂಡು ಬಂದಿದ್ದೇನೆ.

ಅಂದಹಾಗೆ, ಆ ಊಟದಲ್ಲಿ ನೀವೂ ಚಪ್ಪಾಳೆ ತಟ್ಟಿದಿರಿ.

ಫೈಲ್ ಜೋಡಿಸುತ್ತಿದ್ದವಳು


ಏಪ್ರಿಲ್ ೨

ಅಮ್ಮಾ,

ಈ ಸಲದ ಕಾಗದ ಪೂರ್ತಿ ನನ್ನದೇ. ಅವನು ಒಂದು ಕಾರ್ಯಕ್ರಮಕ್ಕೆ ಹೋಗಿದ್ದಾನೆ.

ಚಪ್ಪಾಳೆ ತಟ್ಟಿದ್ದು ಹೌದು. ಅದರ ಬಗ್ಗೆ ಏನು ಬರೆದರೂ ಚಂದ ಕಾಣುವುದಿಲ್ಲ, ಆದ್ದರಿಂದ ಬರೆಯುವುದಿಲ್ಲ.

ಕಂಪ್ಯೂಟರ್ ರಿಪೇರಿಯವನನ್ನು ಕರೆಸಿದ್ದೆವು. ಅವನು ಬಂದವನೇ ಬಹಳ ಧೈರ್ಯವಾಗಿ ‘ಇದೇನ್ ಮಹಾ ಸಾರ್, ಡೇಟ್ ಪ್ರಕಾರ ಜೋಡಿಸಿದ್ರೆ ಆಯ್ತು’ ಎಂದು ಒತ್ತಿದ. ಎಲ್ಲ ಚಿತ್ರಕ್ಕೂ ಒಂದೇ ತಾರೀಖು ಬಂತು. ನೀನು ಮನೆ ಬಿಟ್ಟ ದಿನದ್ದು. ಅವನು ಮತ್ತೆ ಒತ್ತಿದ, ಮತ್ತೆ ಅದೇ. ‘ಒಂದೇ ದಿನ ಇಷ್ಟೊಂದು ಜನದ ಫೋಟೋ ತೆಗೆದ್ರಾ?’ ಎಂದು ಕೇಳಿದ. ನಿನ್ನ ಗಂಡ ಅವನನ್ನು ಬೈದು ಕಳಿಸಿದ. ಹೆಸರಿನ ಪ್ರಕಾರ ಜೋಡಿಸಿದರೆ ಬರೀ ನಂಬರು. ಗಾತ್ರದ ಪ್ರಕಾರ ಜೋಡಿಸಿದರೆ ದೊಡ್ಡ ಫೈಲು ಮೊದಲು ಬರುತ್ತದೆ, ಅಷ್ಟೇ. ಒಂದು ಮಗುವಿನ ಪಕ್ಕ ಒಂದು ಕಟ್ಟಡ.

ಈಗ ದಿನಾ ಬೆಳಿಗ್ಗೆ ನನ್ನನ್ನು ಅದರ ಮುಂದೆ ಕೂರಿಸಿ ಹೋಗುತ್ತಾನೆ. ನನ್ನ ಪಾಡು ಕೇಳು. ಒಂದು ಚಿತ್ರವನ್ನು ಎಳೆದು ಹೊಸ ಫೋಲ್ಡರಿಗೆ ಹಾಕಲು ಹೋಗುತ್ತೇನೆ, ಅರ್ಧ ದಾರಿಯಲ್ಲಿ ಬೆರಳು ಜಾರುತ್ತದೆ, ಅದು ಎಲ್ಲಿಗೆ ಬಿತ್ತೋ ದೇವರೇ ಬಲ್ಲ. ಹುಡುಕಲು ಹೋದರೆ ಹುಡುಕುತ್ತಿದ್ದ ಕಿಟಕಿಯೇ ಮುಚ್ಚಿಹೋಗುತ್ತದೆ. ನಾನು ಮಾಡಿದ ಫೋಲ್ಡರುಗಳ ಹೆಸರು ‘ಹೊಸ ಫೋಲ್ಡರ್’, ‘ಹೊಸ ಫೋಲ್ಡರ್ ೨’, ‘ಹೊಸ ಫೋಲ್ಡರ್ ೩’. ಯಾವುದರಲ್ಲಿ ಏನಿಟ್ಟೆ ಎಂದು ತೆರೆದು ನೋಡಿದರೆ ಒಂದರಲ್ಲಿ ಇನ್ನೊಂದು ಹೊಸ ಫೋಲ್ಡರ್ ಇರುತ್ತದೆ, ಅದರೊಳಗೆ ಏನೂ ಇರುವುದಿಲ್ಲ. ಮೊನ್ನೆ ಕೋಪ ಬಂದು ಮೌಸನ್ನು ಮೇಜಿಗೆ ಕುಟ್ಟಿದೆ. ಒಂದು ಮದುವೆ ಪೂರ್ತಿ ಕಸದ ಬುಟ್ಟಿಗೆ ಹೋಯಿತು. ಅದನ್ನು ವಾಪಸ್ ತರುವಷ್ಟರಲ್ಲಿ ನನ್ನ ಮದುವೆ ನೆನಪಾಯಿತು.

ಗಡಿಯಾರದಂಗಡಿಯವನ ಮಗಳ ಮದುವೆಯ ಆಲ್ಬಮ್ಮಿನ ಮುಖಪುಟದಲ್ಲಿ ಬೇರೆ ಯಾರದೋ ಹೆಂಡತಿಯ ಫೋಟೋ ಹೋಗಿತ್ತು. ಬಹಳ ರಂಪವಾಯಿತು.

ಕಣ್ಣಲ್ಲಿ ಸ್ವಲ್ಪ ನೀರು ಸುರಿಯುತ್ತದೆ. ವಯಸ್ಸು.

ನಿನ್ನ ಮಾವ


ಏಪ್ರಿಲ್ ೧೨

ಮಾವ,

ಆ ಆಲ್ಬಮ್ಮಿನ ವಿಷಯವನ್ನು ಎರಡೇ ಸಾಲಿನಲ್ಲಿ ಮುಗಿಸಿಬಿಟ್ಟಿರಲ್ಲ! ಪೂರ್ತಿ ಬರೆಯಿರಿ. ಆಲ್ಬಮ್ ಬಿಚ್ಚಿದವರು ಯಾರು? ಮೊದಲು ಬಾಯಿ ತೆರೆದವರು ಯಾರು? ನಿಮ್ಮ ಮಗ ಎಲ್ಲಿ ನಿಂತಿದ್ದ, ಅವನ ಮುಖ ಯಾವ ಬಣ್ಣಕ್ಕೆ ತಿರುಗಿತು? ಬೆವರು ಒರೆಸಿಕೊಂಡನೇ? ನಾನು ಇಲ್ಲಿ ಒಂದು ಬೀಗದ ಕಾರ್ಖಾನೆಯ ಕ್ಯಾಟಲಾಗಿಗೆ ಬೀಗಗಳ ಫೋಟೋ ತೆಗೆಯುತ್ತೇನೆ. ಬೀಗಗಳು ಕಣ್ಣು ಮಿಟುಕಿಸುವುದಿಲ್ಲ, ಇನ್ನೊಂದು ತೆಗೀರಿ ಅನ್ನುವುದಿಲ್ಲ, ಒಳ್ಳೆಯ ಗಿರಾಕಿಗಳು. ಆದರೆ ಮನರಂಜನೆ ಕಡಿಮೆ. ಅದಕ್ಕೆ ಕೇಳುತ್ತಿದ್ದೇನೆ.

ತಾರೀಖಿನ ವಿಷಯ ನಾನೇ ಬೇಕೆಂದು ಮಾಡಿದ್ದು. ಎಷ್ಟು ಸಲ ಜೋಡಿಸಿದರೂ ಆ ದಿನವೇ ಅವನ ಕಣ್ಣಿಗೆ ಬೀಳಲಿ ಎಂದು.

ನನಗೆ ಕಿರಿಕಿರಿಯಾದದ್ದು ಒಂದೇ. ಅದರ ಮುಂದೆ ಅವನು ಕೂತಿರುತ್ತಾನೆ ಎಂದುಕೊಂಡಿದ್ದೆ. ನಿಮ್ಮನ್ನು ಕೂರಿಸುತ್ತಾನೆ ಎಂದು ಹೊಳೆಯಲೇ ಇಲ್ಲ. ಹೊಳೆಯಬೇಕಿತ್ತು, ಇಷ್ಟು ವರ್ಷ ನನ್ನನ್ನು ಕೂರಿಸಿದವನು ತಾನೆ.

ನೀವು ಎದ್ದು ಹೋಗಿ. ನಾನು ಏನೂ ಹೇಳಿಕೊಡುವುದಿಲ್ಲ.

ಬೀಗದ ಫೋಟೋದವಳು


ಮೇ ೯

ಅಮ್ಮಾ,

ಕೇಳಿದ್ದೀಯ, ಬರೆಯುತ್ತೇನೆ. ತಂದೆಯಾದವನು ಬರೆಯಬಾರದು, ಆದರೂ ಕೈ ತಡೆಯುವುದಿಲ್ಲ.

ಆಲ್ಬಮ್ ಬಿಚ್ಚಿದ್ದು ಗಡಿಯಾರದಂಗಡಿಯವನ ಅಳಿಯ. ಅವನು ನೋಡುತ್ತಲೇ ಇದ್ದ. ಸ್ವಲ್ಪ ಹೆಚ್ಚು ಹೊತ್ತೇ ನೋಡಿದ ಅಂತ ಹೆಂಡತಿಗೆ ಅನಿಸಿರಬೇಕು. ‘ಯಾರ್ರೀ ಇವ್ಳು?’ ಎಂದು ಅವಳು ಕೇಳಿದ್ದು ಬೀದಿಯ ಆಚೆಗಿನ ಔಷಧಿ ಅಂಗಡಿಗೂ ಕೇಳಿಸಿತಂತೆ. ನನ್ನ ಈ ಕಿವಿಗೇ ಕೇಳಿಸಿತು ಎಂದಮೇಲೆ ನೀನೇ ಲೆಕ್ಕ ಹಾಕು. ಗಡಿಯಾರದಂಗಡಿಯವನು ಆಲ್ಬಮ್ಮನ್ನು ಗಲ್ಲಾದ ಮೇಲೆ ಎಸೆದ. ನಮ್ಮ ಮಹಾಶಯ ಮೊದಲು ಕೆಂಪಾದ, ಆಮೇಲೆ ಬಿಳಿಚಿಕೊಂಡ, ಆಮೇಲೆ ನನ್ನ ಕಡೆ ಕೈ ತೋರಿಸಿ ‘ಅಪ್ಪಂಗೆ ವಯಸ್ಸಾಯ್ತು, ಅವ್ರೇ ಕಲಸಿದ್ದು’ ಅಂದ. ಬೆವರನ್ನು ಕ್ಯಾಮೆರಾ ಒರೆಸುವ ಬಟ್ಟೆಯಲ್ಲಿ ಒರೆಸಿಕೊಂಡ. ಸಾಕೇ?

ಇನ್ನೊಂದು ವಿಷಯ. ಕೇಳುತ್ತಿಲ್ಲ, ಹೇಳುತ್ತಿದ್ದೇನೆ ಅಷ್ಟೇ.

ಟೈಪಿಂಗ್ ಕಲಿಸುವ ಟೀಚರ್ ನೆನಪಿದ್ದಾರಲ್ಲ, ಮೂಲೆ ಮನೆಯವರು. ಅವರ ಮಗಳು ಹೋದ ತಿಂಗಳು ತೀರಿಕೊಂಡಳು. ಕಾಯಿಲೆ ಬಹಳ ದಿನ ಇತ್ತಂತೆ, ಯಾರಿಗೂ ಹೇಳಿರಲಿಲ್ಲ. ಕಾಯಿಲೆ ಬೀಳುವ ಮುಂಚಿನ ಮುಖ ಬೇಕು ಎಂದು ಟೀಚರ್ ಸ್ಟುಡಿಯೋಗೆ ಬಂದರು. ಕಾಲೇಜಿನ ಗುರುತಿನ ಚೀಟಿಗೆ ಇಲ್ಲೇ ತೆಗೆಸಿದ್ದಳಂತೆ. ಅವನು ‘ಸಿಕ್ಕಿದ್ರೆ ಫೋನ್ ಮಾಡ್ತೀವಿ’ ಎಂದು ಕಳಿಸಿದ. ಮಾರನೇ ದಿನ ಮತ್ತೆ ಬಂದರು. ಅದರ ಮಾರನೇ ದಿನವೂ. ಈಗ ಬಂದು ಏನೂ ಕೇಳುವುದಿಲ್ಲ, ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತು ನಾನು ಹುಡುಕುವುದನ್ನು ನೋಡುತ್ತಾರೆ. ಅವರ ಬೆರಳು ಮಾತ್ರ ಮಡಿಲಲ್ಲಿ ಟೈಪ್ ಮಾಡುತ್ತಾ ಇರುತ್ತದೆ.

ನನಗೆ ಎಲ್ಲ ಹುಡುಗಿಯರೂ ಒಂದೇ ಥರ ಕಾಣುತ್ತಾರೆ. ಚಿತ್ರಗಳು ಕಡಲೆಬೀಜದಷ್ಟಿವೆ. ಒಂದೊಂದನ್ನೇ ತೆರೆದು ಮುಚ್ಚುತ್ತಿದ್ದೇನೆ.

ನಿನ್ನ ಮಾವ


ಮೇ ೧೪

ಮಾವ,

ತಕ್ಷಣ ಬರೆಯುತ್ತಿದ್ದೇನೆ. ಇದು ಟೀಚರಿಗೆ, ಸ್ಟುಡಿಯೋಗಲ್ಲ.

ಒಂದೊಂದನ್ನೇ ತೆರೆಯಬೇಡಿ. ಫೋಲ್ಡರಿನ ಒಳಗೆ ಖಾಲಿ ಜಾಗದಲ್ಲಿ ಮೌಸಿನ ಬಲಗಡೆ ಗುಂಡಿ ಒತ್ತಿ. ‘ವ್ಯೂ’ ಎಂದು ಬರುತ್ತದೆ, ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಐಕಾನುಗಳನ್ನು ಆರಿಸಿ. ಚಿತ್ರಗಳು ಅಂಗೈಯಷ್ಟಾಗುತ್ತವೆ. ಈಗ ಮುಖ ನೋಡಬೇಡಿ. ಅದರ ಹಿಂದಿನ ಪರದೆ ನೋಡಿ. ಪರದೆಗಳನ್ನೆಲ್ಲ ನೀವೇ ಕೊಂಡು ತಂದವರು, ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೆಟ್ಟಿಲು ಬರೆದ ಪರದೆ ಹಳೆಯದು, ಅವಳು ಆಗಿನ್ನೂ ಚಿಕ್ಕವಳು. ಬೂದುಬಣ್ಣದ ಕಾಗದ ಆಮೇಲಿನದು. ಅವಳು ಬಂದದ್ದು ನೀಲಿ ಪರದೆ ಇದ್ದಾಗ, ಅದರಲ್ಲೂ ಎಡಗಡೆ ಹರಿದು ನಾನು ಹೊಲಿಗೆ ಹಾಕಿದ ಮೇಲೆ. ನೀಲಿ ಪರದೆಯಲ್ಲಿ ಹೊಲಿಗೆಯ ಗೆರೆ ಕಾಣುವ ಚಿತ್ರಗಳನ್ನು ಮಾತ್ರ ಆರಿಸಿ.

ಆರಿಸುವುದು ಹೀಗೆ: ಎಡಗೈಯಲ್ಲಿ ಕೆಳಗಿನ ಮೂಲೆಯ ಕಂಟ್ರೋಲ್ ಗುಂಡಿಯನ್ನು ಒತ್ತಿ ಹಿಡಿದುಕೊಳ್ಳಿ, ಬಲಗೈಯಲ್ಲಿ ಬೇಕಾದವನ್ನೆಲ್ಲ ಒಂದೊಂದು ಸಲ ಕ್ಲಿಕ್ ಮಾಡುತ್ತಾ ಹೋಗಿ. ಎಳೆಯಬೇಡಿ, ಎಳೆದರೆ ನಿಮ್ಮ ಬೆರಳು ಜಾರುತ್ತದೆ. ಕಂಟ್ರೋಲ್ ಹಿಡಿದು ಎಕ್ಸ್ ಒತ್ತಿ, ಹೊಸ ಫೋಲ್ಡರ್ ತೆರೆದು ಕಂಟ್ರೋಲ್ ಹಿಡಿದು ವಿ ಒತ್ತಿ. ಕೈತಪ್ಪಿ ಏನಾದರೂ ಆದರೆ ಗಾಬರಿಯಾಗದೆ ಕಂಟ್ರೋಲ್ ಹಿಡಿದು ಜಡ್ ಒತ್ತಿ, ಇದ್ದ ಜಾಗಕ್ಕೆ ವಾಪಸ್ ಬರುತ್ತದೆ. ಫೋಲ್ಡರಿಗೆ ‘ಹೊಸ ಫೋಲ್ಡರ್’ ಎಂದು ಬಿಡಬೇಡಿ, ‘ನೀಲಿ’ ಎಂದು ಹೆಸರು ಕೊಡಿ.

ಆ ಹುಡುಗಿಯದು ನಾಲ್ಕೈದು ಇರಬೇಕು. ಒಂದು ಚೀಟಿಗೆ ಹೋದದ್ದು. ಉಳಿದವು ಕೆಟ್ಟವು, ಒಂದರಲ್ಲಿ ಸೀನು ಬಂದು ನಿಂತು, ಜೋರಾಗಿ ನಕ್ಕುಬಿಟ್ಟಿದ್ದಾಳೆ. ಅದನ್ನೂ ತೋರಿಸಿ.

ಈ ಉಪಾಯವನ್ನು ನಿಮ್ಮ ಮಗನಿಗೆ ಹೇಳಬೇಡಿ. ಹೇಳಿದರೆ ನಾನು ಇನ್ನು ಕಾಗದ ಬರೆಯುವುದಿಲ್ಲ.

ನಿಮ್ಮ ಸೊಸೆ


ಜೂನ್ ೨೦

ಅಮ್ಮಾ,

ಸಿಕ್ಕಿತು.

ನೀನು ಹೇಳಿದ ಹಾಗೆ ಮುಖ ನೋಡುವುದನ್ನು ಬಿಟ್ಟು ಪರದೆ ನೋಡುತ್ತಾ ಹೋದೆ. ಹೊಲಿಗೆ ಕಂಡಾಗಲೆಲ್ಲ ಒಂದು ಕ್ಲಿಕ್. ಹೊಲಿಗೆ ಹಾಕುವಾಗ ಬೇರೆ ನೀಲಿಯ ದಾರ ಹಾಕಿದ್ದೀಯ ಎಂದು ನಾನು ಆಗ ಬೈದಿದ್ದೆ. ಆ ದಾರವಿಲ್ಲದಿದ್ದರೆ ಅವಳು ಸಿಗುತ್ತಿರಲಿಲ್ಲ.

ಟೀಚರನ್ನು ಕರೆದು ನನ್ನ ಕುರ್ಚಿಯಲ್ಲಿ ಕೂರಿಸಿದೆ. ಚೀಟಿಗೆ ಹೋದ ಚಿತ್ರವನ್ನು ನೋಡಿ ತಲೆಯಾಡಿಸಿದರು. ನಗುವುದನ್ನು ತೆರೆದೆ. ಅವರು ಕಂಪ್ಯೂಟರಿಗೆ ಮೂಗು ತಾಗುವಷ್ಟು ಹತ್ತಿರ ಹೋದರು. ‘ಇವಳು ನಗೋವಾಗ ಕೈ ಅಡ್ಡ ಇಟ್ಕೊಳ್ತಿದ್ಲು. ಹಲ್ಲು ಸೊಟ್ಟ ಅಂತ. ನಾನೇ ಈ ನಗು ನೋಡಿರ್ಲಿಲ್ಲ’ ಅಂದರು. ಅದನ್ನೇ ಮಾಡಿಸಿಕೊಂಡು ಹೋದರು. ಯಾರು ಹುಡುಕಿದ್ದು ಎಂದು ಕೇಳಿದರು, ನಿನ್ನ ಹೆಸರು ಹೇಳಿದೆ.

ಅದನ್ನು ಅವನು ಕೇಳಿಸಿಕೊಂಡ. ಅಲ್ಲಿಂದ ಶುರುವಾಯಿತು. ಅಪ್ಪನಿಗೆ ಹುಡುಕಲು ಬರುತ್ತದೆ ಎಂದಾಯಿತಲ್ಲ. ಸ್ಟುಡಿಯೋ ಶುರುವಾಗಿ ಐವತ್ತು ವರ್ಷವಾಯಿತು ಎಂದು ದೊಡ್ಡ ಪ್ರದರ್ಶನ ಇಡುತ್ತಾನಂತೆ. ಸಭಾಂಗಣ ಗೊತ್ತು ಮಾಡಿದ್ದಾನೆ, ಫೋಟೋಗ್ರಾಫರುಗಳ ಸಂಘದ ಅಧ್ಯಕ್ಷರು ಬರುತ್ತಾರಂತೆ. ಗೋಡೆ ತುಂಬ ‘ಅವನ’ ಚಿತ್ರಗಳು. ಯಾವುದು ಬೇಕು ಎಂದು ಹೇಳಿದ: ಬೂಟಿನ ಮುದುಕ, ಬೆಂಕಿ ಆರಿಸುವವರು ಹೆಲ್ಮೆಟ್ ಕಳಚಿ ನೀರು ಕುಡಿಯುವುದು, ಅವಳಿ ಅಜ್ಜಿಯರು. ಎಲ್ಲ ನಿನ್ನವೇ.

ಕಣ್ಣಿನ ಡಾಕ್ಟರು ಪೊರೆ ಬಂದಿದೆ, ಆಪರೇಷನ್ ಆಗುವ ತನಕ ಕಂಪ್ಯೂಟರ್ ಮುಟ್ಟಬೇಡಿ ಅಂದರು. ‘ಪ್ರದರ್ಶನ ಮುಗೀಲಪ್ಪ, ಆಮೇಲೆ ಮಾಡಿಸಿದ್ರಾಯ್ತು’ ಎಂದ ಇವನು.

ನಿನ್ನಿಂದ ಹಳೆಯ ಜೋಡಣೆ ತರಿಸಿಕೊಳ್ಳಲು ಒಂದು ಕರಡು ಬರೆದುಕೊಟ್ಟಿದ್ದಾನೆ. ಕಣ್ಣು ಹೋಗುತ್ತಿದೆ, ಮುದುಕನ ಮೇಲೆ ಕರುಣೆ ಇಡು, ಎಂದೆಲ್ಲ ಇದೆ. ನನ್ನ ಅಕ್ಷರದಲ್ಲಿ ನಕಲು ಮಾಡಿ ಕಳಿಸು ಅಂದ. ನಕಲು ಮಾಡಲಿಲ್ಲ. ಅವನ ಕರಡನ್ನೇ ಇದರೊಳಗೆ ಇಟ್ಟಿದ್ದೇನೆ.

ನಿನ್ನ ಮಾವ


ಜೂನ್ ೨೬

ಸ್ಟುಡಿಯೋದ ಮಾಲೀಕನಿಗೆ,

ನಿನ್ನ ಕರಡು ತಲುಪಿತು. ‘ಕರುಣೆ’ ಎಂದು ಬರೆಯುವಾಗ ಒಂದು ಸಲ ತಪ್ಪಿ ತಿದ್ದಿದ್ದೀಯ. ಅಭ್ಯಾಸವಿಲ್ಲದ ಪದ, ಪರವಾಗಿಲ್ಲ.

ಅಪ್ಪನನ್ನು ಆ ಕುರ್ಚಿಯಿಂದ ಏಳಿಸು. ಆಸ್ಪತ್ರೆಗೆ ಕರೆದುಕೊಂಡು ಹೋಗು. ಆಮೇಲೆ ನೀನು ಅಲ್ಲಿ ಕೂತುಕೋ.

ನಿನ್ನ ಪ್ರದರ್ಶನಕ್ಕೆ ಬೇಕಾದ ಚಿತ್ರಗಳು ಎಲ್ಲಿವೆ ಎಂದು ನಾನು ಹೇಳುತ್ತೇನೆ, ಒಂದೇ ಷರತ್ತು. ಪ್ರತಿ ಚಿತ್ರದ ಕೆಳಗೆ ತೆಗೆದವರ ಹೆಸರು ಇರಬೇಕು. ಬೋರ್ಡಿನಷ್ಟು ದೊಡ್ಡದಾಗಿ ಬೇಡ, ಓದಲು ಬಂದರೆ ಸಾಕು. ಒಪ್ಪದಿದ್ದರೆ ಹುಡುಕು. ಫೈಲ್ ಜೋಡಿಸುವುದು ಏನು ಮಹಾ ಕೆಲಸ ಎಂದು ನಕ್ಕವನು ನೀನೇ.

ನಿನ್ನ ಮೇಲೆ ನನಗೆ ಕೋಪ ಇಳಿದಿದೆ ಎಂದು ಯಾರಾದರೂ ಹೇಳಿದರೆ ನಂಬಬೇಡ.

ಆ ಚಿತ್ರಗಳನ್ನು ತೆಗೆದವಳು


ಜುಲೈ ೩

ನಿನ್ನ ಷರತ್ತಿಗೆ ಇಲ್ಲಿ ಯಾರೂ ಕಾದು ಕೂತಿಲ್ಲ. ಅಪ್ಪ ಎಲ್ಲ ಕಲಿತಿದ್ದಾರೆ, ಪ್ರದರ್ಶನದ ಪೂರ್ತಿ ಜವಾಬ್ದಾರಿ ಅವರೇ ವಹಿಸಿಕೊಂಡಿದ್ದಾರೆ. ನಿನ್ನ ಹಂಗಿಲ್ಲದೆಯೂ ಸ್ಟುಡಿಯೋ ನಡೆಯುತ್ತದೆ ಎಂಬುದನ್ನು ಬೇಕಾದರೆ ಬಂದು ನೋಡು. ಆಹ್ವಾನ ಪತ್ರಿಕೆ ಲಗತ್ತಿಸಿದೆ.

ಮಾಲೀಕ


ಆಗಸ್ಟ್ ೧೮

ಅಮ್ಮಾ,

ಪ್ರದರ್ಶನದ ದಿನ ನೀನು ಬರುತ್ತೀಯೇನೋ ಎಂದು ಬಾಗಿಲ ಕಡೆ ಒಂದೆರಡು ಸಲ ನೋಡಿದೆ. ಬಾರದೆ ಇದ್ದದ್ದೇ ಒಳ್ಳೆಯದಾಯಿತು; ನೀನಿದ್ದಿದ್ದರೆ ನೀನೇ ಏನೋ ಮಾಡಿದ್ದೀಯ ಎಂದು ಕೂಗಾಡುತ್ತಿದ್ದ. ಮಾಡಿದ್ದು ನಾನು.

ಇನ್ನು ನಿಧಾನವಾಗಿ ಕೇಳು. ನಿನ್ನ ಷರತ್ತಿನ ಕಾಗದ ಓದಿ ಅವನು ಹರಿದು ಹಾಕಿದ ದಿನ ನಾನು ಎಲ್ಲವನ್ನೂ ನಾನೇ ನೋಡಿಕೊಳ್ಳುತ್ತೇನೆ ಎಂದೆ. ಚಿತ್ರ ಆರಿಸುವುದು, ಮುದ್ರಿಸುವುದು, ಚೌಕಟ್ಟು, ಕೆಳಗೆ ಅವನ ಹೆಸರಿನ ಚೀಟಿ, ಎಲ್ಲ. ಅವನಿಗೆ ಖುಷಿಯಾಯಿತು. ಅಧ್ಯಕ್ಷರಿಗೆ ಶಾಲು, ಬಾಗಿಲಿಗೆ ದೀಪ ಎಂದು ಓಡಾಡಿಕೊಂಡಿದ್ದ.

ನಾನು ಫೋಲ್ಡರ್ ತೆರೆದು ಅದನ್ನು ಎರಡು ಪಾಲು ಮಾಡಿದೆ. ನೀನು ತೆಗೆದದ್ದು, ಅವನು ತೆಗೆದದ್ದು. ಕಷ್ಟವೇನಲ್ಲ. ನೀನು ಎಲ್ಲೆಂದರಲ್ಲಿ ಮಂಡಿಯೂರಿ ಕೂತು ತೆಗೆಯುತ್ತಿದ್ದೆ. ಪ್ಯಾಂಟಿನ ಇಸ್ತ್ರಿ ಹಾಳಾಗುತ್ತದೆ ಎಂದು ಅವನು ಒಂದು ದಿನವೂ ಬಗ್ಗಿದವನಲ್ಲ. ಅವನ ಚಿತ್ರಗಳೆಲ್ಲ ಮೇಲಿನಿಂದ ಕೆಳಗೆ ನೋಡುತ್ತವೆ. ದೊಡ್ಡವರದು ಬರೀ ಹಣೆ, ಮಕ್ಕಳದು ನಡುನೆತ್ತಿ, ಜೊತೆಗೆ ಕಣ್ಣು ಕುಕ್ಕುವ ಫ್ಲ್ಯಾಶ್. ನಿನ್ನ ಪಾಲನ್ನು ಒಂದು ಪೆನ್ ಡ್ರೈವಿಗೆ ತುಂಬಿದೆ, ಇದರ ಜೊತೆ ಇದೆ ನೋಡು. ತುಂಬಿದ ಮೇಲೆ ಎರಡು ಪಾಲನ್ನೂ ಕಲಸಿ ಮತ್ತೆ ‘ಎಲ್ಲಾ’ಕ್ಕೆ ಸುರಿದೆ. ಸುರಿಯುವಾಗ ನಿನ್ನ ಸಂತೋಷ ಏನು ಅಂತ ಅರ್ಥವಾಯಿತು.

ಗೋಡೆಗೆ ಅವನ ಚಿತ್ರಗಳನ್ನು ಹಾಕಿಸಿದೆ. ಅವನದೇ. ಅವನೇ ತೆಗೆದದ್ದು, ಒಂದೂ ನಿನ್ನದಲ್ಲ. ಹಿಂದಿನ ದಿನ ಸಣ್ಣ ಪ್ರತಿಗಳನ್ನು ತೋರಿಸಿ ಒಪ್ಪಿಗೆ ಕೇಳಿದೆ. ಫೋನಿನಲ್ಲಿ ಮಾತಾಡುತ್ತಲೇ ತಿರುವಿ ಹಾಕಿದ. ‘ಚೆನ್ನಾಗಿವೆ ಚೆನ್ನಾಗಿವೆ. ಆ ಬೂಟಿನ ಮುದುಕ ಎಲ್ಲಿ?’ ಎಂದ. ‘ಸಿಗ್ಲಿಲ್ಲಪ್ಪ, ಈ ಕಂಪ್ಯೂಟರ್ರೇ ಹೀಗೆ’ ಅಂದೆ. ಅದರಲ್ಲಿ ಏನು ಸಿಗುತ್ತದೆ ಏನು ಸಿಗುವುದಿಲ್ಲ ಎಂದು ಅವನಿಗೇನು ಗೊತ್ತು?

ಜನ ಬಂದರು, ದೀಪ ಹತ್ತಿತು. ಎಲ್ಲರೂ ಗೋಡೆಯ ಉದ್ದಕ್ಕೂ ನಡೆದರು. ಆಮೇಲೆ ಪಿಸುಪಿಸು. ಅಧ್ಯಕ್ಷರು ಒಂದು ದೊಡ್ಡ ಹಣೆಯ ಮುಂದೆ ನಿಂತು, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

‘ಇದು ನೀವೇ ತೆಗೆದಿದ್ದಾ?’

ಇವನು ನಗುತ್ತಾ ‘ಹೌದು ಸಾರ್, ಎಲ್ಲಾ ನಂದೇ’ ಎಂದ. ಎಂದವನು ಆಗ, ಆ ಗಳಿಗೆಯಲ್ಲಿ, ಮೊದಲ ಸಲ ಗೋಡೆಯ ಕಡೆ ಸರಿಯಾಗಿ ತಿರುಗಿ ನೋಡಿದ.

‘ಅಲ್ಲ, ಬಹುಮಾನ ಬಂದ ಆ ಕೈ ಎಲ್ಲಿ ಹೋಯ್ತು?’ ಎಂದರು ಅಧ್ಯಕ್ಷರು.

ಅಮ್ಮಾ, ಅವನು ಏನು ಹೇಳಬೇಕಿತ್ತು? ಇವು ನನ್ನವಲ್ಲ ಎನ್ನುವಂತಿಲ್ಲ, ಈಗ ತಾನೇ ನನ್ನವೇ ಅಂದಿದ್ದಾನೆ. ಒಳ್ಳೆಯವು ಬೇರೆ ಇವೆ ಎಂದರೆ ಯಾರು ತೆಗೆದದ್ದು ಎಂಬ ಮಾತು ಬರುತ್ತದೆ. ಟೀಚರ್ ಕೂಡ ಬಂದಿದ್ದರು. ಅವರು ಎಲ್ಲರಿಗೂ ಕೇಳುವ ಹಾಗೆ, ತರಗತಿಯಲ್ಲಿ ಮಾತಾಡುವ ದನಿಯಲ್ಲಿ, ‘ಆ ಕೈ ಈಗ ಇಲ್ಲಿಲ್ಲ ಸಾರ್. ಬಿಟ್ಟು ಹೋಯ್ತು’ ಅಂದರು. ಇವನು ಶಾಲನ್ನು ಅಧ್ಯಕ್ಷರಿಗೆ ಹೊದಿಸುವುದನ್ನೂ ಮರೆತು ತನ್ನ ಕೈಮೇಲೇ ಹಾಕಿಕೊಂಡು ನಿಂತಿದ್ದ.

ನನ್ನ ಮಗ. ಅವನಿಗೆ ನಡೆಯಲು ಕಲಿಸಿದವನು ನಾನು. ಆದರೆ ನಾನು ಗೋಡೆಯಿಂದ ಒಂದನ್ನೂ ಇಳಿಸಲಿಲ್ಲ.

ಮನೆಗೆ ಬಂದು ಅವನು ಕಿರುಚಲಿಲ್ಲ. ನೇರವಾಗಿ ಸ್ಟುಡಿಯೋದ ಒಳಗೆ ಹೋಗಿ ಕಂಪ್ಯೂಟರ್ ಮುಂದೆ ಕೂತ. ಮೌಸನ್ನು ಅತ್ತ ಇತ್ತ ಆಡಿಸಿದ. ಆಮೇಲೆ ನನ್ನ ಕಡೆ ತಿರುಗದೆ ಕೇಳಿದ.

‘ಅಪ್ಪಾ, ಅವಳ ಚಿತ್ರಗಳೆಲ್ಲಿ?’

ಅವಳ ಚಿತ್ರಗಳು. ಅವನ ಬಾಯಲ್ಲಿ ಆ ಮಾತು ಬಂದದ್ದು ಅದೇ ಮೊದಲು.

‘ಅದ್ರಲ್ಲೇ ಇವೆ, ಹುಡುಕು’ ಎಂದು ಬಾಗಿಲು ಎಳೆದುಕೊಂಡು ಬಂದೆ.

ನಾನೀಗ ನನ್ನ ತಂಗಿಯ ಮನೆಯಲ್ಲಿದ್ದೇನೆ. ನಾಡಿದ್ದು ಕಣ್ಣಿನ ಆಪರೇಷನ್. ಕೆಲವು ದಿನ ಓದುವುದು ಬರೆಯುವುದು ಆಗದು. ನೀನು ಬರೆ, ತಂಗಿ ಓದಿ ಹೇಳುತ್ತಾಳೆ.

ನಿನ್ನ ಮಾವ


ಆಗಸ್ಟ್ ೨೯

ಮಾವ,

ಇದನ್ನು ಓದಿ ಹೇಳುತ್ತಿರುವ ಚಿಕ್ಕತ್ತೆಗೆ ಮೊದಲು ಒಂದು ಮಾತು. ದಯವಿಟ್ಟು ಜೋರಾಗಿ ಓದಿ, ಅವರ ಎಡಗಿವಿಯ ಹತ್ತಿರ. ಪಕ್ಕದ ಮನೆಯವರಿಗೆ ಕೇಳಿಸಿದರೆ ಕೇಳಿಸಲಿ, ಇದು ಗುಟ್ಟಿನ ಕಾಗದವಲ್ಲ.

ಪೆನ್ ಡ್ರೈವ್ ತಲುಪಿತು. ಚಿತ್ರಗಳನ್ನು ನೋಡಿದೆ, ಎಲ್ಲ ನನ್ನವೇ, ನೀವು ಒಂದರಲ್ಲೂ ತಪ್ಪಿಲ್ಲ. ಹೆಸರು ಹಾಕಿ ಜೋಡಿಸಲು ಕೂತಿದ್ದೇನೆ.

ನಿಮ್ಮ ಕಾಗದವನ್ನು ಕಾರ್ಖಾನೆಯಲ್ಲಿ ನಿಂತೇ ಓದಿದೆ. ಅಧ್ಯಕ್ಷರು ಕನ್ನಡಕ ಒರೆಸುವ ಜಾಗಕ್ಕೆ ಬರುವಷ್ಟರಲ್ಲಿ ನಗು ತಡೆಯಲಾಗದೆ ಒಂದು ಬೀಗವನ್ನು ಕೆಳಗೆ ಬೀಳಿಸಿದೆ. ಫೋರ್‌ಮನ್ ಬಂದು ಏನಾಯಿತು ಎಂದು ಕೇಳಿದ. ಊರಿನಿಂದ ಒಳ್ಳೆ ಸುದ್ದಿ ಅಂದೆ. ಮಗು ಹುಟ್ಟಿತಾ ಎಂದು ಕೇಳಿದ. ಹೆಚ್ಚು ಕಡಿಮೆ ಹಾಗೆಯೇ ಅಂದೆ.

ಸೇಡು ತೀರಿದ ಮೇಲೆ ಮನಸ್ಸು ಬರಿದಾಗುತ್ತದೆ, ಏನೂ ಉಳಿಯುವುದಿಲ್ಲ ಎಂದು ತಿಳಿದವರು ಹೇಳುತ್ತಾರೆ. ನಾನೂ ಕಾದು ನೋಡಿದೆ. ಒಂದು ದಿನ ನೋಡಿದೆ, ಇನ್ನೊಂದು ದಿನ ನೋಡಿದೆ. ಬರಿದಾಗಲಿಲ್ಲ ಮಾವ. ಚೆನ್ನಾಗಿ ಹಸಿವಾಗುತ್ತದೆ, ಮಲಗಿದರೆ ಕಣ್ಣು ತುಂಬ ನಿದ್ದೆ. ಕೈಯಲ್ಲಿ ಕ್ಯಾಮೆರಾ ಹಗುರವಾಗಿದೆ. ನಾನು ಕೆಟ್ಟವಳೋ ಏನೋ, ಇರಲಿ.

ಆಪರೇಷನ್ ಆದ ಕಣ್ಣನ್ನು ಉಜ್ಜಬೇಡಿ. ನೆಟ್ಟಗಾದ ಮೇಲೆ ಇಲ್ಲಿಗೆ ಬನ್ನಿ. ನನ್ನದು ಒಂದೇ ಕೋಣೆ, ಆದರೆ ದೊಡ್ಡ ಕಿಟಕಿಯಿದೆ. ನಿಮ್ಮದೊಂದು ಚಿತ್ರ ತೆಗೆಯಬೇಕು. ಇಷ್ಟು ವರ್ಷ ಎಲ್ಲರನ್ನೂ ಪರದೆಯ ಮುಂದೆ ಕೂರಿಸಿದಿರಿ, ನಿಮ್ಮನ್ನು ಯಾರೂ ಕೂರಿಸಲಿಲ್ಲ.

ಇವತ್ತು ರಜ. ಅವನು ಈಗ ಆ ಕುರ್ಚಿಯಲ್ಲಿ ಕೂತು ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡುತ್ತಿರುತ್ತಾನೆ. ಹೊರಗೆ ಬೆಳಕು ಬಹಳ ಚೆನ್ನಾಗಿದೆ. ಈ ಕಾಗದವನ್ನು ಡಬ್ಬಿಗೆ ಹಾಕಿ ಹಾಗೇ ಬೀದಿ ಸುತ್ತಿ ಬರುತ್ತೇನೆ.

ನಿಮ್ಮ ಸೊಸೆ